ಶುದ್ಧ ನಿ, ಕೋಮಲ ನಿ

ಮಾರ್ಚ್ 9

ಚುಕ್ಕಿಯ ಅಪ್ಪನವರಿಗೆ,

ಕ್ಷೇಮ ಸಮಾಚಾರ ವಿಚಾರಿಸುವ ಮನಸ್ಸು ನನಗಿಲ್ಲ, ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ. ಫೋನಿನಲ್ಲಿ ಮಾತಾಡಿದರೆ ಇಬ್ಬರೂ ಕಿರುಚಾಡುತ್ತೇವೆ, ಏನಿದ್ದರೂ ಕಾಗದದಲ್ಲಿ ಎಂದು ಬೇರೆಯಾಗುವಾಗ ನಾವೇ ಒಪ್ಪಿಕೊಂಡಿದ್ದೆವಲ್ಲ, ಅದಕ್ಕೇ ಈ ಕಾಗದ. ಇಲ್ಲದಿದ್ದರೆ ಇಷ್ಟು ಹೊತ್ತಿಗೆ ನಿಮ್ಮ ಬಾಗಿಲಲ್ಲಿ ನಿಂತು ಬೀದಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದೆ.

ನಮ್ಮ ಮಗಳಿಗೆ ಸಂಗೀತ ಕಾಲೇಜಿನ ಜಾಝ್ ಗಿಟಾರ್ ವಿಭಾಗದಲ್ಲಿ ಸೀಟು ಸಿಗಲಿಲ್ಲ. ಮೊದಲ ಸುತ್ತಿನ ಆಡಿಷನ್‌ನಲ್ಲೇ ಹೊರಗೆ ಬಿದ್ದಳು. ಜೂನ್‌ನಲ್ಲಿ ಎರಡನೇ ಸುತ್ತು ಇದೆಯಂತೆ, ಉಳಿದಿರುವ ಒಂದೋ ಎರಡೋ ಸೀಟಿಗೆ. ಅದೂ ತಪ್ಪಿದರೆ ಮತ್ತೆ ಅರ್ಜಿ ಹಾಕಲು ಅವರು ಬಿಡುವುದಿಲ್ಲ. ಏನಾಯಿತು ಎಂದು ಕೇಳಿದ್ದಕ್ಕೆ "ಇಳಿಯೋವಾಗ ತಪ್ಪಾಯ್ತಮ್ಮ" ಎಂದು ಹೇಳಿ ಕೋಣೆಯ ಬಾಗಿಲು ಹಾಕಿಕೊಂಡಳು. ಅದಕ್ಕಿಂತ ಹೆಚ್ಚು ಒಂದು ಮಾತೂ ಅವಳ ಬಾಯಿಂದ ಹೊರಡಲಿಲ್ಲ.

ಮರುದಿನ ಬೆಳಿಗ್ಗೆ ನಾನು ಒಲೆಯ ಮುಂದಿದ್ದಾಗ ಅವಳ ಕೋಣೆಯಿಂದ ಸ್ಕೇಲ್ ಕೇಳಿಸಿತು. ಮೆಲಾಡಿಕ್ ಮೈನರ್. ಹತ್ತುವಾಗ ಸರಿಯಾಗಿಯೇ ಹತ್ತಿದಳು, ಗ ಒಂದೇ ಕೋಮಲ, ಉಳಿದದ್ದೆಲ್ಲ ಶುದ್ಧ. ಮೇಲಿನ ಸ ಮುಟ್ಟಿ ಇಳಿಯುವಾಗ ನೋಡಿ, ನಿ ಕೋಮಲ, ದ ಕೋಮಲ. ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಅದು ನಿಮ್ಮ ಇಳಿಕೆ. ಎಡಗಾಲಿನ ಕೆಳಗೆ ಪುಟ್ಟ ಮಣೆ ಇಟ್ಟುಕೊಂಡು, ಬೆನ್ನಿಗೆ ಕೋಲು ಕಟ್ಟಿದವರ ಹಾಗೆ ಕೂತು ನೀವು ಮಕ್ಕಳಿಗೆಲ್ಲ ಕಲಿಸುವ ಕ್ಲಾಸಿಕಲ್ ಇಳಿಕೆ.

ಈ ಚಳಿಗಾಲದಲ್ಲಿ ಆರು ವಾರ ಅಷ್ಟೇ ಅವಳನ್ನು ನಿಮ್ಮ ಮನೆಯಲ್ಲಿ ಬಿಟ್ಟದ್ದು. ನಾನು ಗಿಟಾರ್ ನುಡಿಸುವ ನಮ್ಮ ಮೂವರ ಜಾಝ್ ಟ್ರಯೊಗೆ ಬೇರೆ ಊರಿನ ಹೋಟೆಲಿನಲ್ಲಿ ಕಾರ್ಯಕ್ರಮ ಸಿಕ್ಕಿತ್ತು, ಹೋಗದಿದ್ದರೆ ಆ ಜಾಗ ಬೇರೆಯವರ ಪಾಲಾಗುತ್ತಿತ್ತು. ಹೊರಡುವಾಗ ನಿಮ್ಮ ಹೊಸಿಲಲ್ಲಿ ನಿಂತು ಹೇಳಿದ್ದೆ. ಹೊತ್ತಿಗೆ ಸರಿಯಾಗಿ ಊಟ ಹಾಕಿ, ಚಳಿಯಲ್ಲಿ ಹೊರಗೆ ಬಿಡಬೇಡಿ, ಗಿಟಾರಿನ ವಿಷಯಕ್ಕೆ ಮಾತ್ರ ಮೂಗು ತೂರಿಸಬೇಡಿ ಎಂದು. ನೀವು ತಲೆಯಾಡಿಸಿದಿರಿ. ನಿಮ್ಮ ತಲೆಯಾಟವನ್ನು ನಂಬಿ ಹಿಂದೆಯೂ ಒಮ್ಮೆ ಕೆಟ್ಟಿದ್ದೇನೆ, ಆದರೂ ಬುದ್ಧಿ ಬರಲಿಲ್ಲ. ವಾಪಸ್ಸು ಬಂದವಳ ಬಲಗೈಯಲ್ಲಿ, ನಿಮ್ಮ ಕ್ಲಾಸಿಕಲ್‌ನವರ ಹಾಗೆ ತಂತಿ ಮೀಟಲು, ಉಗುರು ಬೆಳೆದಿರುವುದನ್ನು ಕಂಡಾಗಲೇ ನನಗೆ ಅನುಮಾನ ಬರಬೇಕಿತ್ತು.

ಜಾಝ್‌ನಲ್ಲಿ ಆ ಸ್ಕೇಲು ಹತ್ತಿದ ದಾರಿಯಲ್ಲೇ ಇಳಿಯುತ್ತದೆ. ಇದು ನಿಮಗೆ ಗೊತ್ತಿಲ್ಲದ ವಿಷಯವಲ್ಲ. ಗೊತ್ತಿದ್ದೂ ಮಗುವಿನ ಕೈ ಕೆಡಿಸಿ ಕಳಿಸಿದಿರಿ. ಯಾಕೆ ಎಂದು ಬರೆದು ತಿಳಿಸಿ.

ಇತಿ,
ಅವಳ ತಾಯಿ


ಮಾರ್ಚ್ 15

ಚುಕ್ಕಿಯ ಅಮ್ಮನಿಗೆ,

ನಿನ್ನ ಕಾಗದ ಸಂಗೀತ ಶಾಲೆಯ ವಿಳಾಸಕ್ಕೆ ಬಂತು. ಅದನ್ನು ಪಾಠದ ಮಧ್ಯೆ ಒಡೆದು ಓದಬಾರದಿತ್ತು. ಎದುರಿಗೆ ಕೂತಿದ್ದ ವಿದ್ಯಾರ್ಥಿನಿ "ಸರ್, ನಾಳೆ ಬರ್ಲಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಗಿಟಾರನ್ನು ಪೆಟ್ಟಿಗೆಗೆ ಹಾಕಿಕೊಂಡು ಹೊರಟಳು. ನನ್ನ ಮುಖ ಹಾಗಿತ್ತೋ ಏನೋ.

ಗಿಟಾರಿನ ವಿಷಯಕ್ಕೆ ಬರಬೇಡಿ ಎಂದು ನೀನು ಹೇಳಿದ್ದು ನಿಜ. ಬೆಳಗಿನಿಂದ ಸಂಜೆಯವರೆಗೆ ಗೋಡೆಯ ಆಚೆ ಮಗಳು ನುಡಿಸುತ್ತಿದ್ದರೆ ನಾನು ಕಿವಿಗೆ ಹತ್ತಿ ತುರುಕಿಕೊಂಡು ಕೂರಬೇಕಿತ್ತೇ? ಅವಳೇ ಬಂದು "ಅಪ್ಪ, ನೀನ್ಯಾಕೆ ಇಳಿಯೋವಾಗ ಬದಲಾಯಿಸ್ತೀಯ?" ಎಂದು ಕೇಳಿದಳು. ಕೇಳಿದ ಮಗುವಿಗೆ ಹೇಳಬಾರದೇ? ಹತ್ತುವಾಗ ನಿ ಶುದ್ಧವಾಗಿರಬೇಕು, ಅದು ಮೇಲಿನ ಸ ಕಡೆಗೆ ಎಳೆಯುತ್ತದೆ. ಇಳಿಯುವಾಗ ಆ ಎಳೆತಕ್ಕೆ ಕೆಲಸವಿಲ್ಲ, ಆದ್ದರಿಂದ ನಿ, ದ ಎರಡೂ ಮೆತ್ತಗಾಗುತ್ತವೆ ಎಂದೆ. ನಾನು ಹುಟ್ಟುವ ಎಷ್ಟೋ ಕಾಲ ಮೊದಲಿನಿಂದ ಜನ ಹೀಗೆ ನುಡಿಸುತ್ತ ಬಂದಿದ್ದಾರೆ. ನನ್ನ ತಲೆಯಲ್ಲಿ ಹುಟ್ಟಿದ ಪಿತೂರಿ ಅದಲ್ಲ.

ಈಗ ನಿನ್ನ ಇಳಿಕೆಯನ್ನು ನೋಡೋಣ. ಸ ನಿ ದ ಪ ಮ ವರೆಗೆ ಕೇಳಿದವರಿಗೆ ಅದು ನಗುಮುಖದ ಮೇಜರ್ ಎಂದೇ ಅನಿಸುತ್ತದೆ. ದುಃಖ ಇರುವುದು ಒಂದು ಗ ದಲ್ಲಿ, ಅದು ಬರುವುದು ಎಲ್ಲ ಮುಗಿದ ಮೇಲೆ. ಹೋಟೆಲಿನಲ್ಲಿ ಊಟ ಮಾಡುತ್ತ ಕೇಳುವವರಿಗೆ ಇದು ನಡೆಯುತ್ತದೆ. ಅವರ ಗಮನ ತಟ್ಟೆಯ ಮೇಲೆ ಇರುತ್ತದೆ. ಕಾಲೇಜಿನ ಪರೀಕ್ಷಕರ ಮುಂದೆ ಹೋಟೆಲ್ ಸಂಗೀತ ನಡೆಯುವುದಿಲ್ಲ.

ಅವಳು ನನಗೂ ಫೋನ್ ಮಾಡಿದ್ದಳು. "ಇಳಿಯೋವಾಗ ತಪ್ಪಾಯ್ತಪ್ಪ" ಎಂದಳು. ನಿನಗೆ ಹೇಳಿದ ಮಾತೇ. ಅದರ ಅರ್ಥ ಏನೆಂದು ನನಗೆ ಅನುಮಾನವೇ ಇಲ್ಲ. ನಾನು ತಿದ್ದಿ ಕಳಿಸಿದ್ದು ಆ ಗಾಬರಿಯಲ್ಲಿ ಮರೆತುಹೋಗಿ, ಚಿಕ್ಕಂದಿನಿಂದ ನೀನು ಅರೆದು ಕುಡಿಸಿದ್ದೇ ಕೈಗೆ ಬಂದಿದೆ. ಕೈ ಕೆಡಿಸಿದ್ದು ಯಾರು ಎಂದು ಕನ್ನಡಿಯ ಮುಂದೆ ನಿಂತು ಕೇಳಿಕೋ.

ಎರಡನೇ ಸುತ್ತಿನವರೆಗೆ ಅವಳನ್ನು ನನ್ನ ಹತ್ತಿರ ಕಳಿಸು. ಉಗುರು ಕತ್ತರಿಸಬೇಡ.

ಇಂತು,
ಅವಳ ತಂದೆ


ಮಾರ್ಚ್ 19

ನೋಡು,

ಇವತ್ತಿನಿಂದ ನಿನಗೆ 'ನೀವು' ಎನ್ನುವುದನ್ನು ಬಿಟ್ಟಿದ್ದೇನೆ. ಮರ್ಯಾದೆ ಕೊಟ್ಟು ಬೈಯಲು ನನಗೆ ಬರುವುದಿಲ್ಲ.

ಹೋಟೆಲ್ ಸಂಗೀತ ಎಂದು ಮತ್ತೆ ಬರೆದೆಯಲ್ಲ. ಆ ಮಾತನ್ನು ಮೊದಲ ಸಲ ಆಡಿದ್ದು ನಮ್ಮ ಊಟದ ಮೇಜಿನ ಮುಂದೆ, ಚುಕ್ಕಿಯ ಎದುರಿಗೆ. ಅವತ್ತು ತಟ್ಟೆ ಎತ್ತಿಟ್ಟು ಒಳಗೆ ಹೋದ ನಾನು ಆಮೇಲೆ ನಿನ್ನ ಪಕ್ಕ ಕೂತು ಗಿಟಾರ್ ಮುಟ್ಟಲಿಲ್ಲ. ನಿನಗೆ ಅದು ನೆನಪೂ ಇಲ್ಲವೇನೋ.

ನೀನು ಒಂಟಿ ಸ್ವರಗಳ ನ್ಯಾಯ ಹೇಳುತ್ತೀಯ. ಕೆಳಗೆ ಕಾರ್ಡ್ ಇದೆ ಮಹಾರಾಯ, ಒಟ್ಟಿಗೆ ನುಡಿಯುವ ಮೂರು ನಾಲ್ಕು ಸ್ವರಗಳಿವೆ. ಕೊನೆಯ ಮೈನರ್ ಕಾರ್ಡಿನಲ್ಲಿ ಪಿಯಾನೊದವರು ಶುದ್ಧ ನಿ ಒತ್ತಿ ಹಿಡಿದಿರುತ್ತಾರೆ. ಅದರ ಮೇಲೆ ನಿನ್ನ ಕೋಮಲ ನಿ ತಂದು ಕೂರಿಸಿದರೆ ಒಂದೇ ಕುರ್ಚಿಗೆ ಇಬ್ಬರು ಕಿತ್ತಾಡಿದ ಹಾಗೆ. ನೀನು ಯಾವತ್ತೂ ಒಬ್ಬನೇ ಕೂತು ನುಡಿಸುವವನು, ಪಕ್ಕದವರ ಕೈಯಲ್ಲಿ ಏನಿದೆ ಎಂದು ಕೇಳಿಸಿಕೊಳ್ಳುವ ಅಭ್ಯಾಸ ನಿನಗೆ ಎಲ್ಲಿಂದ ಬರಬೇಕು?

ಮೈನರ್ ಕಾರ್ಡಿಗೆ ಶುದ್ಧ ನಿ ಸೇರಿದಾಗ ಬರುವ ಸದ್ದನ್ನು ನಾನು ಚುಕ್ಕಿಗೆ ಕೇಳಿಸಿದ್ದು ಅವಳ ಕಿರುಬೆರಳು ತಂತಿಗೆ ಸರಿಯಾಗಿ ಎಟುಕದ ವಯಸ್ಸಿನಲ್ಲಿ. "ಅಳೋಕೆ ಮುಂಚೆ ಹಲ್ಲು ಕಚ್ಕೊಂಡಂಗಿದೆ" ಎಂದಳು. ನನ್ನ ಟ್ರಯೊದ ಬಾಸ್ ನುಡಿಸುವವರು ಆ ಮಾತು ಕೇಳಿ ತಮ್ಮ ಆಳೆತ್ತರದ ಪಿಟೀಲಿನ ಬಿಲ್ಲು ಕೆಳಗಿಟ್ಟರು. ಆಮೇಲೆ ಅದೇ ಕೈಯ ಆಕಾರವನ್ನು, ಸ ಕಡೆಗೆ ಎಳೆಯುವ ಡಾಮಿನೆಂಟ್ ಕಾರ್ಡಿನ ಮೂಲ ಸ್ವರಕ್ಕಿಂತ ಒಂದು ಮೆಟ್ಟು, ಒಂದು ಫ್ರೆಟ್ ಮೇಲೆ ಇಡುವುದನ್ನು ಕಲಿಸಿದೆ. ಬೆರಳುಗಳು ಹಾಗೇ ಇರುತ್ತವೆ, ಜಾಗ ಮಾತ್ರ ಬೇರೆ, ಸಪ್ಪೆಯಾಗಿದ್ದ ಕಾರ್ಡಿಗೆ ಖಾರ ಬಂದುಬಿಡುತ್ತದೆ. ಸೋಲೋದಲ್ಲೂ ಹಾಗೇ. ಪ ಮೇಲಿನ ಡಾಮಿನೆಂಟ್ ಬಂದಾಗ ಕೋಮಲ ದ ವನ್ನೇ ಸ ಎಂದುಕೊಂಡು ಅಲ್ಲಿಂದ ಮೆಲಾಡಿಕ್ ಮೈನರ್ ಹಿಡಿಯಬೇಕು, ಕೆಳಗಿನ ಕಾರ್ಡ್ ನಿಂತಲ್ಲಿ ನಿಲ್ಲಲಾರದೆ ಮನೆಗೆ ಓಡುತ್ತದೆ. ಒಂದೇ ಸ್ಕೇಲಿನಿಂದ ಇಷ್ಟೆಲ್ಲ ಬರುವುದು ಅದು ಎತ್ತ ಹೋದರೂ ಬದಲಾಗದೆ ಇರುವುದರಿಂದ. ಹತ್ತುವಾಗ ಒಂದು, ಇಳಿಯುವಾಗ ಒಂದು ಮಾತಾಡುವವರಿಗೆ ಇದು ತಲೆಗೆ ಹತ್ತುವುದು ಕಷ್ಟ.

ದುಃಖ ಕೊನೆಗೆ ಬರುತ್ತದೆ ಎಂದು ಹಂಗಿಸಿದೆ. ಹೌದು, ಗ ಬರುವವರೆಗೆ ತುಟಿ ಬಿಗಿದು ಕಾಯಬೇಕು. ನಿನ್ನ ಮನೆಯಲ್ಲಿ ನಾನು ವರ್ಷಗಟ್ಟಲೆ ಮಾಡಿದ್ದು ಅದನ್ನೇ.

ಅವಳನ್ನು ಕಳಿಸುವುದಿಲ್ಲ. ಉಗುರನ್ನು ನಿನ್ನೆ ನಾನೇ ಕತ್ತರಿಸಿದೆ.

ಚುಕ್ಕಿಯ ಅಮ್ಮ


ಮಾರ್ಚ್ 28

ಚುಕ್ಕಿಯ ಅಮ್ಮನಿಗೆ,

ಹತ್ತೊಂಬತ್ತು ವರ್ಷದ ಹುಡುಗಿಯ ಉಗುರನ್ನು ನೀನು ಹಿಡಿದು ಕತ್ತರಿಸಿದೆ ಎಂದು ಓದಿದ ಮೇಲೆ ನಿನ್ನ ಉಳಿದ ಕಾಗದಕ್ಕೆ ಉತ್ತರ ಬರೆಯುವ ಅಗತ್ಯ ಕಾಣಲಿಲ್ಲ.

ಕಾಲೇಜಿನ ಮುಖ್ಯಸ್ಥರಿಗೆ ಬರೆದಿದ್ದೇನೆ. ಅವಳು ಎರಡು ಪದ್ಧತಿಗಳ ನಡುವೆ ಸಿಕ್ಕಿಕೊಂಡ ವಿದ್ಯಾರ್ಥಿನಿ, ಬುನಾದಿ ಕ್ಲಾಸಿಕಲ್‌ನದು, ಅದನ್ನು ಗಮನದಲ್ಲಿಟ್ಟು ಎರಡನೇ ಸುತ್ತಿನಲ್ಲಿ ಕೇಳಬೇಕು ಎಂದು ವಿವರವಾಗಿ ತಿಳಿಸಿದ್ದೇನೆ. ನೀನು ನಡುವೆ ಬಾಯಿ ಹಾಕಬೇಡ.

ಅವಳ ತಂದೆ


ಏಪ್ರಿಲ್ 2

ಬುನಾದಿ ಕ್ಲಾಸಿಕಲ್‌ನದಂತೆ. ನಾಚಿಕೆಯಾಗಬೇಕು ನಿನಗೆ. ಅವಳಿಗೆ ಮೊದಲ ಕಾರ್ಡ್ ಹಿಡಿಯಲು ಕಲಿಸಿದ್ದು ಯಾರು? ಆಗ ನೀನು ಮಕ್ಕಳನ್ನು ಗ್ರೇಡ್ ಪರೀಕ್ಷೆಗೆ ತಯಾರು ಮಾಡುತ್ತ, ಮನೆಗೆ ಬಂದರೆ ತಲೆನೋವು ಎಂದು ದೀಪ ಆರಿಸಿ ಮಲಗುತ್ತಿದ್ದೆ.

ಬಾಯಿ ಹಾಕಬೇಡ ಎನ್ನುವ ನಿನ್ನ ಕಾಗದ ಬರುವ ಮೊದಲೇ ನಾನು ಕಾಲೇಜಿಗೆ ಹೋಗಿ ಬಂದಾಗಿದೆ. ಕಚೇರಿಯಲ್ಲಿ ಕೂತಿದ್ದ ಗುಮಾಸ್ತರಿಗೆ ಎಲ್ಲ ಬಿಡಿಸಿ ಹೇಳಿದೆ. ಕ್ಲಾಸಿಕಲ್ ಮೇಷ್ಟ್ರೊಬ್ಬರು ಕೊನೇ ಗಳಿಗೆಯಲ್ಲಿ ಮಗುವನ್ನು ಗೊಂದಲಕ್ಕೆ ತಳ್ಳಿದರು, ಆ ಮಾತನ್ನು ಕಡತದಲ್ಲಿ ಬರೆದಿಡಿ ಎಂದೆ. ಆತ ಕಣ್ಣು ಬಿಟ್ಟುಕೊಂಡು ನೋಡಿದ. ನೋಡಲಿ.

ಚುಕ್ಕಿಯ ಅಮ್ಮ


ಏಪ್ರಿಲ್ 24

ಅಂತೂ ಗೆದ್ದೆ ಅನ್ನು.

ಹತ್ತು ದಿನದ ಹಿಂದೆ "ಅಪ್ಪನ ಮನೇಲಿರ್ತೀನಿ, ಸ್ವಲ್ಪ ದಿನ ಫೋನ್ ಮಾಡ್ಬೇಡ" ಎಂದು ಚೀಲ ಹೆಗಲಿಗೇರಿಸಿಕೊಂಡು ಹೊರಟಳು. ನಾನು ತಡೆಯಲಿಲ್ಲ. ತಡೆದಿದ್ದರೆ ನಿಲ್ಲುತ್ತಿರಲಿಲ್ಲ, ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಅವಳು "ಚೆನ್ನಾಗಿದೀನಿ" ಎಂದು ದಿನಾ ಒಂದು ಸಾಲು ಕಳಿಸುತ್ತಾಳೆ, ಅದು ನೀನು ಹೇಳಿಕೊಟ್ಟು ಬರೆಸುವ ಸಾಲು ಎಂದು ನನಗೆ ಗೊತ್ತು.

ಆ್ಯಂಪ್ಲಿಫೈಯರ್ ಇಲ್ಲೇ ಬಿಟ್ಟು ಹೋಗಿದ್ದಾಳೆ. ಅದಿಲ್ಲದೆ ಜಾಝ್ ಅಭ್ಯಾಸ ಹೇಗೆ ನಡೆಯುತ್ತದೆ ಎಂದು ನಿನಗೆ ಕೇಳಿ ಪ್ರಯೋಜನವಿಲ್ಲ. ನಿನಗೆ ಬೇಕಾದದ್ದೂ ಅದೇ. ಅವಳಿಗೆ ಹೇಳು, ಬಾಸ್ ನುಡಿಸುವವರ ಕಾರಿನಲ್ಲಿ ಭಾನುವಾರ ಕಳಿಸುತ್ತೇನೆ. ಸರಿಯಾಗಿ ತಿನ್ನುತ್ತಾಳೋ ಇಲ್ಲವೋ ಅದನ್ನಾದರೂ ಬರೆ.

ಅಮ್ಮ


ಏಪ್ರಿಲ್ 26

ಅವಳು ಇಲ್ಲಿಲ್ಲ.

ನನ್ನ ನಂಬರನ್ನು ನೀನು ಯಾವತ್ತೋ ಬ್ಲಾಕ್ ಮಾಡಿದ್ದೀಯ, ಅದಕ್ಕೇ ಈ ಚೀಟಿಯನ್ನು ನಿಮ್ಮ ಬಾಸ್ ನುಡಿಸುವವರ ಮನೆ ಹುಡುಕಿಕೊಂಡು ಹೋಗಿ ಅವರ ಕೈಯಲ್ಲಿ ಕೊಡುತ್ತಿದ್ದೇನೆ. ನನಗೆ ಅವಳು ಹೇಳಿದ್ದು "ಅಮ್ಮನ ಹತ್ರಾನೇ ಇರ್ತೀನಿ, ಫೋನ್ ಮಾಡ್ಬೇಡ" ಎಂದು. ನನಗೂ ದಿನಾ ಅದೇ ಸಾಲು ಬರುತ್ತದೆ. ನೀನು ಹೇಳಿಕೊಟ್ಟು ಬರೆಸುತ್ತಿದ್ದೀಯ ಎಂದುಕೊಂಡಿದ್ದೆ.

ಈಗ ಕರೆ ಮಾಡಿದರೆ ತೆಗೆಯುತ್ತಿಲ್ಲ. ಮನೆಯಿಂದ ಹೊರಟ ಹುಡುಗಿಯನ್ನು ಯಾವ ಬಸ್ಸು, ಎಲ್ಲಿಗೆ ಎಂದು ಒಂದು ಮಾತು ಕೇಳಬಾರದಿತ್ತೇ? ಉಗುರಿನ ಮೇಲೆ ಇದ್ದ ನಿಗಾ ಇದರ ಮೇಲೆ ಇರಲಿಲ್ಲ. ಕೂಡಲೇ ತಿಳಿಸು.


ಏಪ್ರಿಲ್ 26, ಸಂಜೆ

ನನ್ನ ಹತ್ತಿರ ಕೇಳಬೇಡ. ನಿನ್ನ ಮನೆಗೆ ಎಂದಳು ಎಂಬ ಒಂದೇ ಕಾರಣಕ್ಕೆ ನಾನು ವಿಚಾರಿಸಲಿಲ್ಲ. ವಿಚಾರಿಸಿದ್ದರೆ ನಿನ್ನ ಹೆಸರು ಬಾಯಲ್ಲಿ ತರಬೇಕಾಗುತ್ತಿತ್ತು. ನಮ್ಮ ಈ ಹಟ ಗೊತ್ತಿದ್ದೇ ಹುಡುಗಿ ನಮ್ಮಿಬ್ಬರಿಗೂ ಚೆನ್ನಾಗಿ ಟೋಪಿ ಹಾಕಿದ್ದಾಳೆ.

ಅವಳ ಗೆಳತಿಯರನ್ನೆಲ್ಲ ಕೇಳಿದೆ, ಯಾರೂ ಬಾಯಿ ಬಿಡುತ್ತಿಲ್ಲ. ನಿನ್ನ ನಂಬರನ್ನು ಬಿಡಿಸಿದ್ದೇನೆ. ವಿಷಯ ತಿಳಿದರೆ ಮಾತ್ರ ಫೋನ್ ಮಾಡು, ಬೈಯುವುದಿದ್ದರೆ ಬೇಡ.


ಮೇ 1

ಅಪ್ಪ, ಅಮ್ಮ,

ಈ ಕಾಗದವನ್ನು ಎರಡು ಸಲ ಬರೆದು ಇಬ್ಬರಿಗೂ ಒಂದೊಂದು ಕಳಿಸುತ್ತಿದ್ದೇನೆ. ಅಕ್ಷರಕ್ಕೆ ಅಕ್ಷರ ಒಂದೇ ಇದೆ, ಹೋಲಿಸಿ ನೋಡಬೇಕೆನಿಸಿದರೆ ನೋಡಿ.

ನಾನು ಗಿಟಾರ್ ರಿಪೇರಿ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದೇನೆ. ಅಂಗಡಿ ನಡೆಸುವಾಕೆ ಮೇಲಿನ ಕೋಣೆಯನ್ನು ನನಗೆ ಬಿಟ್ಟುಕೊಟ್ಟಿದ್ದಾರೆ. ಸವೆದ ಫ್ರೆಟ್ ಕಿತ್ತು ಹೊಸದನ್ನು ಕೂರಿಸುವುದು, ಅಂಚು ಉಜ್ಜಿ ನಯ ಮಾಡುವುದು ನನ್ನ ಕೆಲಸ. ಊಟ ಮಾಡುತ್ತಿದ್ದೇನೆ, ನಿದ್ದೆ ಬರುತ್ತಿದೆ. ಕಾಲೇಜಿನ ಗುಮಾಸ್ತರು ನನ್ನನ್ನು ಕರೆಸಿ ಅಪ್ಪನ ಕಾಗದ ಮೇಜಿನ ಮೇಲಿಟ್ಟು, ಅಮ್ಮ ಬಂದು ಹೋದದ್ದನ್ನು ಹೇಳಿ, "ನಿಮ್ಮನೇಲಿ ಯಾರಾದ್ರೂ ಒಬ್ರು ಮಾತಾಡೋಕೆ ಹೇಳಮ್ಮ" ಎಂದು ನಕ್ಕರು. ಪಕ್ಕದ ಮೇಜಿನವರೂ ನಕ್ಕರು. ಅವತ್ತೇ ಮನೆ ಬಿಡಬೇಕೆಂದು ತೀರ್ಮಾನ ಮಾಡಿದೆ. ನನಗೆ ನಿಮ್ಮಿಬ್ಬರ ಮೇಲೂ ಕೆಟ್ಟ ಸಿಟ್ಟು ಬಂದಿದೆ, ಇನ್ನೂ ಇಳಿದಿಲ್ಲ.

ಇಳಿಯುವಾಗ ತಪ್ಪಾಯಿತು ಎಂದು ನಾನು ಹೇಳಿದ್ದು ನಿಜ. ಶುದ್ಧ ನಿ ನುಡಿಸಿದಳು ಎಂದು ಅಪ್ಪ, ಕೋಮಲ ನಿ ನುಡಿಸಿದಳು ಎಂದು ಅಮ್ಮ, ನೀವೇ ನಿರ್ಧಾರ ಮಾಡಿಕೊಂಡು ಜಗಳಕ್ಕೆ ಕೂತಿರಿ. ಏನಾಯಿತು ಎಂದು ನನ್ನನ್ನು ಕೂರಿಸಿಕೊಂಡು ಎರಡನೇ ಸಲ ಒಬ್ಬರೂ ಕೇಳಲಿಲ್ಲ. ಈಗ ಹೇಳುತ್ತೇನೆ, ಕೇಳಿ.

ಅವತ್ತು ಕೋಣೆಯಲ್ಲಿ ಮೂವರು ಪರೀಕ್ಷಕರಿದ್ದರು, ಪಿಯಾನೊದಲ್ಲಿ ಒಬ್ಬರು. ಕಾರ್ಡುಗಳೆಲ್ಲ ಚೆನ್ನಾಗಿ ಬಂದವು. ಡಾಮಿನೆಂಟ್ ಮೇಲೆ ಒಂದು ಫ್ರೆಟ್ ಸರಿಸಿ ಹಿಡಿದಾಗ ಪಿಯಾನೊದವರು ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ಸೋಲೋ ಶುರುವಾಯಿತು. ಕೊನೆಯ ಮೈನರ್ ಕಾರ್ಡಿನ ಮೇಲೆ ಹತ್ತಿದೆ, ಮೇಲಿನ ಸ ಮುಟ್ಟಿದೆ. ಇಳಿಯಬೇಕು. ಬೆರಳು ಶುದ್ಧ ನಿ ಕಡೆಗೆ ಹೊರಟಿತು. ಆಗ ನನ್ನ ತಲೆಯೊಳಗೆ ಅಪ್ಪ ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು, ಪಾಠದಲ್ಲಿ ಯಾರಾದರೂ ತಪ್ಪಿದಾಗ ಮಾಡುತ್ತಾರಲ್ಲ, ಹಾಗೆ. ಬೆರಳನ್ನು ಕೋಮಲಕ್ಕೆ ತಂದೆ. ಅಷ್ಟರಲ್ಲಿ ಅಮ್ಮನ ಮುಖ ಕಣ್ಣ ಮುಂದೆ ಬಂತು, ತುಟಿ ಒಂದು ಕಡೆಗೆ ಎಳೆದುಕೊಂಡು. ನಾನು ಯಾವ ನಿ ಯನ್ನೂ ನುಡಿಸಲಿಲ್ಲ. ಬೆರಳು ತಂತಿಯ ಮೇಲೆ ಎತ್ತಿಕೊಂಡೇ ಉಳಿಯಿತು. ಪಿಯಾನೊದವರು ನನಗಾಗಿ ಅದೇ ಕಾರ್ಡನ್ನು ಮತ್ತೆ ಮತ್ತೆ ಹಾಕಿದರು. ನಾನು "ಸಾರಿ" ಎಂದು ಹೇಳಿ ಮೊದಲಿನಿಂದ ಶುರು ಮಾಡಿದೆ. ಎರಡನೇ ಸಲವೂ ಅದೇ ಜಾಗದಲ್ಲಿ ನಿಂತೆ.

ಮಧ್ಯದಲ್ಲಿ ಕೂತಿದ್ದ ಪರೀಕ್ಷಕಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈಯಲಿಲ್ಲ. "ಎರಡ್ರಲ್ಲಿ ಯಾವ್ದನ್ನ ನುಡಿಸಿದ್ರೂ ನಾವು ಕೇಳ್ತಿದ್ವಿ. ನೀನ್ಯಾಕೆ ನಿಂತೆ?" ಎಂದರು. ಒಳಗೆ ಇಬ್ಬರು ಜಗಳ ಆಡುತ್ತಿದ್ದಾರೆ ಎಂದು ಹೇಗೆ ಹೇಳುವುದು? ಅವರು ಕಾದರು. ಆಮೇಲೆ ಕನ್ನಡಕ ಹಾಕಿಕೊಂಡು ಮುಂದಿನವರನ್ನು ಕರೆಯಲು ಹೇಳಿದರು.

ಚಿಕ್ಕಂದಿನಿಂದ ನನಗೆ ಇದೇ ಆಗಿದೆ. ಅಪ್ಪನ ಮನೆಯಲ್ಲಿ ಅಮ್ಮನ ಕಾರ್ಡ್ ಹಿಡಿದರೆ ಅಪ್ಪ ಎದ್ದು ಹೋಗಿ ಕಿಟಕಿ ಹಾಕುತ್ತಿದ್ದರು. ಅಮ್ಮನ ಮನೆಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತರೂ "ಅಪ್ಪನ ಥರಾ ಕೂರ್ಬೇಡ" ಎಂಬ ಮಾತು. ನನಗೆ ನಿಮ್ಮಿಬ್ಬರ ಇಳಿಕೆಯೂ ಇಷ್ಟ ಎಂದು ಯಾವತ್ತಾದರೂ ಹೇಳಲು ಬಿಟ್ಟಿರಾ? ಅಪ್ಪ ಇಳಿಯುವಾಗ ಮನೆಯ ದೀಪ ಒಂದೊಂದಾಗಿ ಆರಿದ ಹಾಗೆ ಅನಿಸುತ್ತದೆ. ಅಮ್ಮ ಇಳಿದಾಗ ನನಗೆ ಭಯವಾಗುತ್ತದೆ, ಆದರೂ ಮತ್ತೆ ಕೇಳಬೇಕೆನಿಸುತ್ತದೆ. ಇಬ್ಬರಲ್ಲಿ ಒಬ್ಬರು ಸುಳ್ಳು ಎಂದು ಒಪ್ಪಿಕೊಳ್ಳುವವರೆಗೆ ನೀವು ನನ್ನನ್ನು ಬಿಡುವುದಿಲ್ಲ.

ಜೂನ್‌ನಲ್ಲಿ ಎರಡನೇ ಸುತ್ತಿಗೆ ಹೋಗುತ್ತೇನೆ. ತಾರೀಖು ಹೇಳುವುದಿಲ್ಲ. ಅಲ್ಲಿ ಹೇಗೆ ಇಳಿಯುತ್ತೇನೆ ಎಂಬುದನ್ನೂ ಹೇಳುವುದಿಲ್ಲ. ಕಾಲೇಜಿಗೆ ಫೋನ್ ಮಾಡಿದರೆ ಅವರು ತಾರೀಖು ತಿಳಿಸುತ್ತಾರೆ, ಹಾಗೆ ತಿಳಿದುಕೊಂಡು ನೀವು ಬಾಗಿಲಲ್ಲಿ ಬಂದು ನಿಂತರೆ ನಾನು ಒಳಗೆ ಹೋಗದೆ ವಾಪಸ್ಸು ಬರುತ್ತೇನೆ. ಹೆದರಿಸಲು ಹೇಳುತ್ತಿಲ್ಲ, ನಿಜವಾಗಿ ನನಗೆ ಆಗುವುದಿಲ್ಲ.

ಅಂಗಡಿಯ ವಿಳಾಸ ಕವರಿನ ಹಿಂದೆ ಬರೆದಿದ್ದೇನೆ. ಉತ್ತರ ಬರೆಯಲೇಬೇಕು ಅನಿಸಿದರೆ ಇಬ್ಬರೂ ಸೇರಿ ಒಂದೇ ಕಾಗದ ಬರೆಯಿರಿ. ಬೇರೆ ಬೇರೆ ಬಂದರೆ ಎರಡನ್ನೂ ಒಡೆಯುವುದಿಲ್ಲ.

ಚುಕ್ಕಿ


ಮೇ 17

ಚುಕ್ಕಿ,

ಬರೆಯುತ್ತಿರುವುದು ಅಮ್ಮ, ಪಕ್ಕದಲ್ಲಿ ಕೂತು ತಪ್ಪು ತಿದ್ದುತ್ತಿರುವುದು ಅಪ್ಪ. ಯಾರ ಮನೆಗೆ ಯಾರು ಹೋಗಬೇಕು ಎಂಬುದೇ ಇತ್ಯರ್ಥವಾಗದೆ ಇಷ್ಟು ದಿನ ಹಿಡಿಯಿತು. ಕೊನೆಗೆ ಬಾಸ್ ನುಡಿಸುವವರು ಬೇಸತ್ತು ಅವರ ಮನೆಗೆ ಕರೆದರು. ಅವರ ಊಟದ ಮೇಜಿನ ಮೇಲೆ ಬರೆಯುತ್ತಿದ್ದೇವೆ. ಅವರು ಪೇಟೆಗೆ ಹೋಗಿ ಬರುತ್ತೇನೆ ಎಂದು ಹೊರಗಿನಿಂದ ಬಾಗಿಲು ಎಳೆದುಕೊಂಡು ಹೋಗಿದ್ದಾರೆ.

ಬರೆದದ್ದಕ್ಕಿಂತ ಹರಿದದ್ದು ಹೆಚ್ಚು. ಕ್ಷಮಿಸು ಎಂದು ಶುರು ಮಾಡಿದರೆ ಯಾರು ಯಾವುದಕ್ಕೆ ಎಂಬಲ್ಲಿಗೆ ಬಂದು ಮತ್ತೆ ದನಿ ಏರಿತು. ಅಪ್ಪ ಬರೆಯಲು ಹೇಳಿದ್ದನ್ನು ಅಮ್ಮ ಬರೆಯಲಿಲ್ಲ. ಅಮ್ಮ ಬರೆದದ್ದನ್ನು ಅಪ್ಪ ಹೊಡೆದು ಹಾಕಿದರು. ನಾವು ಇನ್ನೂ ಒಬ್ಬರ ಮೇಲೊಬ್ಬರು ಸಿಟ್ಟಿನಲ್ಲೇ ಇದ್ದೇವೆ, ನಿನ್ನ ಹತ್ತಿರ ಸುಳ್ಳು ಹೇಳುವುದಿಲ್ಲ. ನಿನ್ನ ಕಾಗದವನ್ನು ಅಪ್ಪ ಗಟ್ಟಿಯಾಗಿ ಓದಲು ಹೋಗಿ, "ನೀನ್ಯಾಕೆ ನಿಂತೆ" ಎಂಬಲ್ಲಿಗೆ ಬಂದಾಗ ಮುಂದೆ ಓದಲಾಗಲಿಲ್ಲ. ಉಳಿದದ್ದನ್ನು ಅಮ್ಮ ಓದಿದಳು.

ಇಬ್ಬರೂ ಒಪ್ಪಿ ಬರೆಯುವ ಮಾತು ಇಷ್ಟೇ ಉಳಿದಿದೆ. ಕಾಲೇಜಿಗೆ ಫೋನ್ ಮಾಡುವುದಿಲ್ಲ. ತಾರೀಖು ಕೇಳುವುದಿಲ್ಲ. ನಾವು ಬರುವುದಿಲ್ಲ, ನೀನು ಹೋಗಿ ನುಡಿಸು.

ಅಮ್ಮ
ಅಪ್ಪ